ಓದುಗರ ಪ್ರಶ್ನೆ: ಮೂರನೇ ವರ್ಷಕ್ಕೆ ಬಂದವಳ ಕ್ಯಾಂಪಸ್

ಕಳೆದ ಸಂಚಿಕೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಓದುತ್ತಿರುವ ಕನ್ನಡದ ಹುಡುಗಿಯೊಬ್ಬರನ್ನು ಪರಿಚಯಿಸಿದ್ದೆವು. ತಿಪಟೂರು ಸೀಮೆಯವರು. ಪಿಯುಸಿ ಮುಗಿಸಿ ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಹೋದವರು. ಕ್ಯುಪರ್ಟಿನೊದ ಡಿ ಆನ್ಜಾ ಅನ್ನುವ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ಓದಿ, ಮೂರನೇ ವರ್ಷಕ್ಕೆ ಡೇವಿಸ್‌ಗೆ ಟ್ರಾನ್ಸ್‌ಫರ್ ಆದರು. ಈಗ ಪಶು ವಿಜ್ಞಾನದಲ್ಲಿ ಕೊನೆಯ ವರ್ಷ. ನಿಮ್ಮಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಅವರಿಗೇ ಕಳಿಸಿದೆವು. ಉತ್ತರಗಳು ಅವರದೇ ಮಾತಿನಲ್ಲಿ.

ಅಕ್ಕಾ, ನಾನೂ ಕಮ್ಯುನಿಟಿ ಕಾಲೇಜಿನಲ್ಲಿ ಎರಡನೇ ವರ್ಷ. ಮುಂದಿನ ವರ್ಷ ಡೇವಿಸ್‌ಗೆ ಬರುವ ಯೋಚನೆ ಇದೆ. ಅಲ್ಲಿ ಎಲ್ಲರೂ ಆಗಲೇ ಗುಂಪು ಕಟ್ಟಿಕೊಂಡಿರುತ್ತಾರೆ, ನಮ್ಮಂಥವರನ್ನು ಸೇರಿಸಿಕೊಳ್ಳಲ್ಲ ಅಂತಾರೆ. ನಿಜಾನಾ?
(ಓದುಗ, ಸ್ಯಾನ್ ಹೋಸೆ)

ಗುಂಪು ಕಟ್ಟಿಕೊಂಡಿರುವುದು ನಿಜ. ಸೇರಿಸಿಕೊಳ್ಳಲ್ಲ ಅನ್ನುವುದು ಅರ್ಧ ಸುಳ್ಳು. ಯಾರೂ ಬೇಡ ಅನ್ನುವುದಿಲ್ಲ, ಬಾ ಅಂತಲೂ ಅನ್ನುವುದಿಲ್ಲ, ಅಷ್ಟೇ.

ಮೊದಲ ವರ್ಷಕ್ಕೆ ಬಂದವರು ಹಾಸ್ಟೆಲ್‌ನಲ್ಲಿ ಒಟ್ಟಿಗೆ ಇರುತ್ತಾರೆ. ಒಂದೇ ಊಟದ ಹಾಲ್, ಒಂದೇ ಬಚ್ಚಲು. ಅಲ್ಲಿ ಆದ ಸ್ನೇಹವನ್ನೇ ಎರಡನೇ ವರ್ಷಕ್ಕೆ ಬಾಡಿಗೆ ಮನೆಗೂ ಒಯ್ಯುತ್ತಾರೆ. ಮೂರನೇ ವರ್ಷಕ್ಕೆ ನಾವು ಹೋಗಿ ನಿಂತಾಗ ಅವರ ವಾಟ್ಸ್ಆಪ್ ಗುಂಪಿಗೂ ಎರಡು ವರ್ಷ ವಯಸ್ಸಾಗಿರುತ್ತದೆ. ಡಿ ಆನ್ಜಾದಲ್ಲಿ ಈ ತಾಪತ್ರಯವೇ ಇರಲಿಲ್ಲ. ಆಗ ಅಲ್ಲಿ ಹಾಸ್ಟೆಲ್ಲೇ ಇರಲಿಲ್ಲ. ಎಲ್ಲರೂ ಕ್ಲಾಸಿಗೆ ಬಂದು ಮನೆಗೆ ಹೋಗುವವರೇ. ನನ್ನ ಪಕ್ಕದಲ್ಲಿ ಕೂರುತ್ತಿದ್ದವರಲ್ಲಿ ಎರಡು ಮಕ್ಕಳ ತಾಯಿಯೂ ಇದ್ದರು, ರಾತ್ರಿ ಗೋದಾಮಿನಲ್ಲಿ ಕೆಲಸ ಮಾಡಿ ಬರುವ ಹುಡುಗನೂ ಇದ್ದ. ಅಲ್ಲಿ ಎಲ್ಲರೂ ಒಂಟಿ, ಹಾಗಾಗಿ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ!

ಶುರುವಿನಲ್ಲಿ ಕ್ಲಬ್‌ಗಳವರು ಕ್ವಾಡ್ ಅನ್ನುವ ದೊಡ್ಡ ಹುಲ್ಲುಹಾಸಿನ ಸುತ್ತ ಮೇಜು ಹಾಕಿಕೊಂಡು ಕೂರುತ್ತಾರೆ. ನಾನು ಸಿಕ್ಕ ಸಿಕ್ಕ ಮೇಜಿನಲ್ಲೆಲ್ಲಾ ಇ-ಮೇಲ್ ಬರೆದುಕೊಟ್ಟೆ. ಇನ್‌ಬಾಕ್ಸ್ ತುಂಬಿತು, ಸ್ನೇಹಿತರೇನೂ ಸಿಗಲಿಲ್ಲ. ಸ್ನೇಹ ಸಿಕ್ಕಿದ್ದು ಹಾಲು ಕರೆಯುವ ಕೆಲಸದಲ್ಲಿ. ಕ್ಯಾಂಪಸ್ ಒಳಗೇ ಡೇರಿ ಇದೆ, ಅಲ್ಲಿ ವಿದ್ಯಾರ್ಥಿಗಳೇ ಪಾಳಿ ಮೇಲೆ ಕೆಲಸ ಮಾಡುತ್ತಾರೆ. ಬೆಳಗಿನ ಜಾವ, ಚಳಿಗಾಲದ ಮಂಜು, ಎದುರಿನ ಹಸು ಕಾಣದಷ್ಟು. ಮೊಣಕಾಲವರೆಗೆ ಬೂಟು. ಕೆಚ್ಚಲು ಒರೆಸು, ಮೊದಲ ನಾಲ್ಕು ಧಾರೆ ಕೈಯಲ್ಲಿ ಕರೆದು ಗಡ್ಡೆ ಇದೆಯಾ ನೋಡು, ಔಷಧಿಯಲ್ಲಿ ಅದ್ದು, ಮತ್ತೆ ಒರೆಸು, ಯಂತ್ರ ಹಾಕು. ಪಕ್ಕದಲ್ಲಿದ್ದವನು ಕ್ಯಾಲಿಫೋರ್ನಿಯಾದ ನಡುವಿನ ಕಣಿವೆಯ ಟರ್ಲಾಕ್ ಊರಿನ ಕಡೆಯ ಹುಡುಗ. ಅವನ ಮುತ್ತಜ್ಜ ಪೋರ್ಚುಗಲ್‌ನ ಅಜೋರ್ಸ್ ದ್ವೀಪಗಳಿಂದ ಬಂದು ಹಸು ಸಾಕಿದವರಂತೆ. ಆ ಕಣಿವೆಯ ಡೇರಿಯವರಲ್ಲಿ ಅಜೋರ್ಸ್ ಮೂಲದವರು ಬಹಳ. ನನಗೆ ಅವನ ಹತ್ತಿರ ಮಾತಾಡಲು ಏನೂ ಇರಲಿಲ್ಲ, ಅವನಿಗೆ ನನ್ನ ಹತ್ತಿರವೂ ಅಷ್ಟೇ. ಆದರೆ ಹಸು ಒದ್ದರೆ ಇಬ್ಬರೂ ಒಟ್ಟಿಗೇ ಹಾರಬೇಕು. 'ನಿಮ್ಮ ಕಡೆ ಒದೆಯುವ ಹಸುವಿಗೆ ಏನು ಮಾಡ್ತೀರಿ' ಅಂತ ಅವನೇ ಕೇಳಿದ. ಹಿಂಗಾಲಿಗೆ ಹಗ್ಗ ಕಟ್ಟುವುದನ್ನು ತೋರಿಸಿದೆ. ಈಗ ಅವನ ಮನೆಯವರೆಲ್ಲಾ ನನಗೆ ಗೊತ್ತು.

ಡೇರಿಯೇ ಆಗಬೇಕು ಅಂತಿಲ್ಲ ತಮ್ಮಾ. ಕ್ಯಾಂಪಸ್‌ನ ಕಾಫಿ ಹೌಸ್ ನಡೆಸುವುದೂ ವಿದ್ಯಾರ್ಥಿ ಸಂಘವೇ. ಊರಲ್ಲಿ ಓಡಾಡುವ ಯೂನಿಟ್ರಾನ್ಸ್ ಬಸ್‌ನ ಚಾಲಕರೂ ವಿದ್ಯಾರ್ಥಿಗಳೇ. 1968ರಲ್ಲಿ ಲಂಡನ್‌ನ ಎರಡು ಹಳೇ ಡಬಲ್ ಡೆಕರ್ ತಂದು ಶುರು ಮಾಡಿದ್ದು. ಬಸ್ ಕಲಿಸಿ ಲೈಸೆನ್ಸ್ ಕೊಡಿಸುವುದೂ ಅವರೇ. ಹತ್ತೊಂಬತ್ತು ವರ್ಷದ ಹುಡುಗಿ ಡಬಲ್ ಡೆಕರ್ ತಿರುಗಿಸುವುದನ್ನು ನೋಡಿದರೆ ನಮ್ಮ ಕೆಎಸ್‌ಆರ್‌ಟಿಸಿ ಡ್ರೈವರ್ ಅಣ್ಣಂದಿರೂ ಒಂದು ಸಲ ತಿರುಗಿ ನೋಡುತ್ತಾರೆ. ವಾರದಲ್ಲಿ ಇಂಥ ದಿನ, ಇಂಥ ಹೊತ್ತಿಗೆ, ಇದೇ ನಾಲ್ಕು ಮುಖ ಅಂತ ಗೊತ್ತಾದರೆ ಸಾಕು. ಎರಡೇ ವರ್ಷ ಇರುವವರಿಗೆ ಪಾರ್ಟಿಗಿಂತ ಪಾಳಿ ವಾಸಿ.

ಕಮ್ಯುನಿಟಿ ಕಾಲೇಜು ಅಂದರೆ ಏನಮ್ಮಾ? ಸೀಟು ಸಿಗದವರು ಹೋಗುವ ಜಾಗವೇ? ನನ್ನ ತಮ್ಮನ ಮಗಳನ್ನು ಅಲ್ಲಿಗೆ ಸೇರಿಸಿದ್ದಾರೆ, ನಮಗೆ ಸ್ವಲ್ಪ ಬೇಜಾರಾಗಿದೆ.
(ನಿವೃತ್ತ ಶಿಕ್ಷಕರು, ಹಾಸನ)

ಬೇಜಾರು ಮಾಡಿಕೊಳ್ಳಬೇಡಿ ಸಾರ್. ಅದು ಎರಡು ವರ್ಷದ ಸರ್ಕಾರಿ ಕಾಲೇಜು. ಯಾರು ಬೇಕಾದರೂ ಸೇರಬಹುದು, ಕಟ್-ಆಫ್ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥವು ನೂರಕ್ಕೂ ಜಾಸ್ತಿ ಇವೆ. ಮೊದಲ ಎರಡು ವರ್ಷದ ಗಣಿತ, ರಸಾಯನ, ಇಂಗ್ಲಿಷ್ ಎಲ್ಲಾ ಅಲ್ಲಿ ಮುಗಿಸಿ, ಮೂರನೇ ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ಹೋಗಬಹುದು. ಕೊನೆಗೆ ಕೈಗೆ ಬರುವ ಪದವಿ ವಿಶ್ವವಿದ್ಯಾಲಯದ್ದೇ. ಎಲ್ಲಿ ಶುರು ಮಾಡಿದೆ ಅಂತ ಅದರ ಮೇಲೆ ಬರೆದಿರುವುದಿಲ್ಲ.

ದುಡ್ಡಿನ ಲೆಕ್ಕ ನೋಡಿ. ಆ ರಾಜ್ಯದ ನಿವಾಸಿ ಅಂತ ಆದ ಮೇಲೆ ನಾನು ಡಿ ಆನ್ಜಾದಲ್ಲಿ ಕಟ್ಟಿದ್ದು ಯೂನಿಟ್‌ಗೆ (ಯೂನಿಟ್ ಅಂದರೆ ನಮ್ಮ ಕ್ರೆಡಿಟ್ ಇದ್ದ ಹಾಗೆ) 31 ಡಾಲರ್. ಒಂದು ವಿಷಯ ಅಂದರೆ ನಾಲ್ಕೈದು ಯೂನಿಟ್. ನಿವಾಸಿ ಅನ್ನಿಸಿಕೊಳ್ಳಲು ಒಂದು ವರ್ಷಕ್ಕಿಂತ ಜಾಸ್ತಿ ಅಲ್ಲಿ ನೆಲೆಸಿರಬೇಕು, ಸರಿಯಾದ ವೀಸಾ ಇರಬೇಕು. ಹೊರಗಿನವರಿಗೆ, ಅಂದರೆ ಓದಲೆಂದೇ ಭಾರತದಿಂದ ಬರುವವರಿಗೆ, ಫೀಸು ಇದರ ಎಷ್ಟೋ ಪಟ್ಟು. ಹಾಗಾಗಿ 'ಅಗ್ಗ' ಅನ್ನುವ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ. ಏಜೆಂಟರು ಇದನ್ನು ನುಂಗಿಬಿಡುತ್ತಾರೆ.

ನಿಮ್ಮ ತಮ್ಮನ ಮಗಳಿಗೆ ಒಂದು ಮಾತು ಹೇಳಿ. ಕಮ್ಯುನಿಟಿ ಕಾಲೇಜಿನಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಟ್ಯಾಗ್ ಅಂತ ಒಂದು ಒಪ್ಪಂದ ಇದೆ. ಬೇಕಾದ ವಿಷಯ, ಬೇಕಾದ ಅಂಕ ಇದ್ದರೆ ಸೀಟು ಖಾತ್ರಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ ಆರು ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಮಾತ್ರ ಹಾಕಬಹುದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಇದರಲ್ಲಿ ಇಲ್ಲ. ಅರ್ಜಿ ತೆಗೆದುಕೊಳ್ಳುವುದು ಸೆಪ್ಟೆಂಬರ್ ಒಂದೇ ತಿಂಗಳು. ಆಮೇಲೆ ನವೆಂಬರ್‌ನಲ್ಲಿ ಮಾಮೂಲಿ ಅರ್ಜಿಯನ್ನೂ ಹಾಕಲೇಬೇಕು. ಟ್ಯಾಗ್ ಇದೆಯಲ್ಲ ಅಂತ ಅದನ್ನು ಬಿಟ್ಟರೆ ಖಾತ್ರಿಯೂ ಹೋಯಿತು.

ಮನೆ, ಊಟ ಎಲ್ಲ ಹೇಗೆ? ಹೆಣ್ಣುಮಗು ಒಬ್ಬಳೇ ಇರುವುದು ಅಂದ್ರೆ ನಮಗೆ ಅದೇ ಚಿಂತೆ.
(ಒಬ್ಬ ತಾಯಿ, ಮೈಸೂರು)

ಊಟ ಕಷ್ಟ ಇಲ್ಲ ಆಂಟಿ. ಮನೆಯೇ ಕಷ್ಟ.

ಡೇವಿಸ್ ಸಣ್ಣ ಊರು, ವಿದ್ಯಾರ್ಥಿಗಳೇ ಜಾಸ್ತಿ. ಅಲ್ಲಿಯ ಬಾಡಿಗೆ ಕರಾರು ಹೆಚ್ಚುಕಮ್ಮಿ ಎಲ್ಲಾ ಸೆಪ್ಟೆಂಬರ್ ಮೊದಲಿಗೆ ಶುರುವಾಗಿ ಆಗಸ್ಟ್ ಕೊನೆಗೆ ಮುಗಿಯುತ್ತದೆ. ಮುಂದಿನ ವರ್ಷದ ಮನೆಗೆ ಜನ ಜನವರಿ, ಫೆಬ್ರವರಿಯಲ್ಲೇ ಸಹಿ ಹಾಕಿರುತ್ತಾರೆ. ಟ್ರಾನ್ಸ್‌ಫರ್ ಆಗುವವರಿಗೆ ಸೀಟು ಸಿಕ್ಕಿತು ಅಂತ ಗೊತ್ತಾಗುವುದು ವಸಂತ ಕಾಲದಲ್ಲಿ. ಅಷ್ಟು ಹೊತ್ತಿಗೆ ಸೈಕಲ್ ದೂರದ ಒಳ್ಳೆ ಮನೆಗಳೆಲ್ಲ ಹೋಗಿರುತ್ತವೆ. ನನಗೆ ಸಿಕ್ಕಿದ್ದು ಒಂದು ಹಳೇ ಅಪಾರ್ಟ್‌ಮೆಂಟಿನ ಹಂಚಿಕೊಂಡ ಕೋಣೆ. ಒಲೆಯಲ್ಲಿ ಎರಡು ಬರ್ನರ್ ಹತ್ತುತ್ತಿರಲಿಲ್ಲ. ಮನೆಯವರು ಸರಿ ಮಾಡಿಸಿಕೊಡುತ್ತೇವೆ ಅನ್ನುತ್ತಲೇ ವರ್ಷ ಕಳೆದರು. ಹೋಗುವಾಗ ಠೇವಣಿಯಲ್ಲಿ 'ಒಲೆ ಸ್ವಚ್ಛತೆ' ಅಂತ ಹಿಡಿದುಕೊಂಡರು!

ಒಂದು ತಮಾಷೆ ಹೇಳುತ್ತೇನೆ. ಹಳೇ ಮನೆ ಬಿಟ್ಟು ಹೊಸ ಮನೆಯ ಬೀಗ ಸಿಗುವವರೆಗೆ ನಡುವೆ ಒಂದು ರಾತ್ರಿ ಉಳಿದುಹೋಗುತ್ತದೆ. ಅರ್ಧ ಊರೇ ಆ ರಾತ್ರಿ ನೆಲೆ ಇಲ್ಲದೆ ಇರುತ್ತದೆ. ಕಾರಿನಲ್ಲಿ ಮಲಗುವವರು, ಸ್ನೇಹಿತರ ಮನೆಯ ನಡುಮನೆಯಲ್ಲಿ ಉರುಳುವವರು. ರಸ್ತೆ ಬದಿಗೆ ಸೋಫಾ, ಮೇಜು, ಪುಸ್ತಕದ ಕಪಾಟು ಸಾಲಾಗಿ ಬಿದ್ದಿರುತ್ತವೆ. ನನ್ನ ಓದುವ ಮೇಜು, ಕುರ್ಚಿ, ದೀಪ ಎಲ್ಲಾ ಅಲ್ಲಿಂದಲೇ ಬಂದವು. ಹಾಸಿಗೆ ಮಾತ್ರ ರಸ್ತೆಯಿಂದ ತರಬೇಡಿ, ತಿಗಣೆ ಕಾಟ.

ಊಟಕ್ಕೆ ಬಂದರೆ, ಶನಿವಾರದ ಸಂತೆ ಚೆನ್ನಾಗಿದೆ. ರೈತರೇ ತಂದು ಮಾರುತ್ತಾರೆ. ಬೇಸಿಗೆಯಲ್ಲಿ ಬದನೆ, ಟೊಮೆಟೊ ಹೊಟ್ಟೆ ತುಂಬ ಸಿಗುತ್ತವೆ. ವಿದ್ಯಾರ್ಥಿ ಸಂಘದವರ ಪ್ಯಾಂಟ್ರಿ ಅಂತ ಒಂದು ಜಾಗ ಇದೆ, ಐಡಿ ತೋರಿಸಿದರೆ ಅಕ್ಕಿ, ಕಾಳು, ಡಬ್ಬಿ ತಿಂಡಿ ಪುಕ್ಕಟೆ ಕೊಡುತ್ತಾರೆ. ತೆಗೆದುಕೊಳ್ಳಲು ಯಾರೂ ನಾಚಿಕೆ ಪಡುವುದಿಲ್ಲ. ನಾನು ಮೊದಲು ಪಟ್ಟೆ, ಆಮೇಲೆ ತಿಂಗಳ ಕೊನೆ ಬಂತು. ರಾಗಿ ಹಿಟ್ಟು ಅಮ್ಮ ಕ್ಯುಪರ್ಟಿನೊದಿಂದ ಕಟ್ಟಿ ಕೊಡುತ್ತಾಳೆ. ಒಂದು ಬರ್ನರ್ ಇದ್ದರೂ ಮುದ್ದೆ ಆಗುತ್ತದೆ ಆಂಟಿ.

ಭಯದ ಮಾತು ಕೇಳಿದಿರಿ. ರಾತ್ರಿ ಲೈಬ್ರರಿಯಿಂದ ಸೈಕಲ್‌ನಲ್ಲಿ ಒಬ್ಬಳೇ ಬರುತ್ತೇನೆ. ಇಲ್ಲಿಯವರೆಗೆ ಸೈಕಲ್ಲಿನ ಸೀಟು ಒಂದು ಕಳುವಾಗಿದೆ.

ಯೂನಿವರ್ಸಿಟಿಯಲ್ಲಿ ಹಸು ಇದ್ದಾವೆ ಅಂತ ಓದಿ ಆಶ್ಚರ್ಯ ಆಯ್ತು. ಯಾವ ತಳಿ? ಏನು ಮೇವು? ಹೊಟ್ಟೆಗೆ ತೂತು ಮಾಡಿ ಕೈ ಹಾಕ್ತಾರೆ ಅಂತ ನನ್ನ ಮೊಮ್ಮಗ ಮೊಬೈಲಲ್ಲಿ ತೋರಿಸಿದ. ಇದು ಸರಿನಾ?
(ರೈತರು, ಅರಸೀಕೆರೆ ತಾಲ್ಲೂಕು)

ನನ್ನ ತಾತನೂ ಇದನ್ನೇ ಕೇಳಿದ್ದರು. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಈ ವಿಶ್ವವಿದ್ಯಾಲಯ ಹುಟ್ಟಿದ್ದೇ ಹೊಲವಾಗಿ. ಬರ್ಕ್ಲಿಯಲ್ಲಿದ್ದ ವಿಶ್ವವಿದ್ಯಾಲಯಕ್ಕೆ ಒಂದು ಫಾರಂ ಬೇಕು ಅಂತ 1905ರಲ್ಲಿ ಕಾನೂನು ಆಯಿತು. ಅದಕ್ಕೆ ಓಡಾಡಿದವರು ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದ ಪೀಟರ್ ಶೀಲ್ಡ್ಸ್. ಬೆಣ್ಣೆಯ ಗುಣ ಅಳೆಯುವುದನ್ನು ಕಲಿಯಲು ಕ್ಯಾಲಿಫೋರ್ನಿಯಾದ ಹುಡುಗರು ಬೇರೆ ರಾಜ್ಯಕ್ಕೆ ಹೋಗಬೇಕು ಅಂತ ಅವರಿಗೆ ಗೊತ್ತಾಗಿ, ಇದೇನು ಅನ್ಯಾಯ ಅಂತ ಹಟ ಹಿಡಿದರು. 1908ರಲ್ಲಿ ಪಾಠ ಶುರು. ಇವತ್ತು ಇಲ್ಲಿನ ಮುಖ್ಯ ಲೈಬ್ರರಿಗೆ ಅವರದೇ ಹೆಸರು. ಬೆಣ್ಣೆಯಿಂದ ಹುಟ್ಟಿದ ವಿಶ್ವವಿದ್ಯಾಲಯ ಅಂದರೆ ನಮ್ಮ ಕಡೆಯವರಿಗೆ ಖುಷಿ, ಅಲ್ವಾ? 1959ರವರೆಗೂ ಇದು ಪೂರ್ಣ ಪ್ರಮಾಣದ ಸ್ವಂತ ಕ್ಯಾಂಪಸ್ ಆಗಿರಲಿಲ್ಲ. ಈಗ 5,000 ಎಕರೆಗೂ ಮೇಲೆ ಜಾಗ ಇದೆ.

ಡೇರಿಯಲ್ಲಿರುವುದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮತ್ತು ಜರ್ಸಿ. ನಿಮಗೂ ಗೊತ್ತಿರುವ ತಳಿಗಳೇ. ಹಳ್ಳಿಕಾರ್ ಫೋಟೋ ತೋರಿಸಿದರೆ ಇಲ್ಲಿಯವರು ಕೊಂಬು ನೋಡಿ ಹೌಹಾರುತ್ತಾರೆ. ಇಲ್ಲಿ ಕರುವಿಗೇ ಕೊಂಬು ಸುಟ್ಟುಬಿಡುತ್ತಾರೆ. ಕ್ಯಾಲಿಫೋರ್ನಿಯಾದ ಹಸುಗಳಿಗೆ ಹಾಕುವ ಮೇವು ಅಂದರೆ ಲೂಸರ್ನ್, ನಾವು ಕುದುರೆ ಮಸಾಲೆ ಅನ್ನುವ ಸೊಪ್ಪು. ಮುಸುಕಿನ ಜೋಳದ ರಸಮೇವು, ಅಂದರೆ ಹುದುಗಿಸಿಟ್ಟ ಹಸಿಮೇವು. ಹತ್ತಿಬೀಜ. ಅದರ ಜೊತೆ ಬಾದಾಮಿ ಸಿಪ್ಪೆ! ಸುತ್ತ ಬಾದಾಮಿ ತೋಟಗಳೇ ಇರುವುದರಿಂದ ಬೀಜದ ಮೇಲಿನ ಒಣಗಿದ ಸಿಪ್ಪೆ ಅಗ್ಗಕ್ಕೆ ಸಿಗುತ್ತದೆ, ಸಿಹಿ ಇರುತ್ತದೆ, ಹಸು ಇಷ್ಟಪಟ್ಟು ತಿನ್ನುತ್ತದೆ. ತಾತನಿಗೆ ಹೇಳಿದಾಗ 'ನಮಗೆ ಬಾದಾಮಿ ಹಾಲಿಗೇ ಗತಿಯಿಲ್ಲ' ಅಂದರು.

ಇನ್ನು ತೂತಿನ ಮಾತು. ಪ್ರತಿ ಏಪ್ರಿಲ್‌ನಲ್ಲಿ ಪಿಕ್ನಿಕ್ ಡೇ ಅಂತ ನಡೆಯುತ್ತದೆ, 1909ರಿಂದ ಬಂದಿರುವ ಜಾತ್ರೆ. ಅವತ್ತು ಊರವರಿಗೂ ಈ ಹಸುವನ್ನು ತೋರಿಸುತ್ತಾರೆ. ಎಡ ಪಕ್ಕೆಯಲ್ಲಿ ಅಂಗೈ ಅಗಲದ ತೂತು, ಅದಕ್ಕೆ ರಬ್ಬರ್ ಬಳೆ, ಮೇಲೆ ಬಿರಡೆ. ಪಶುವೈದ್ಯರು ಮರಗಟ್ಟಿಸಿ ಶಸ್ತ್ರಚಿಕಿತ್ಸೆ ಮಾಡಿರುತ್ತಾರೆ. ಗಾಯ ಒಣಗಿದ ಮೇಲೆ ಹಸು ಎಂದಿನ ಹಾಗೆ ಮೇಯುತ್ತದೆ, ಈಯುತ್ತದೆ. ಭುಜದವರೆಗೆ ಗ್ಲೌಸ್ ಹಾಕಿಕೊಂಡು ನಾನೂ ಕೈ ಹಾಕಿದ್ದೇನೆ. ಮೊದಲು ಗೊತ್ತಾಗುವುದು ಬಿಸಿ. ಮೇಲೆ ಮೇವಿನ ಒಂದು ದಪ್ಪ ಪದರ, ಒದ್ದೆ ಹುಲ್ಲಿನ ಚಾಪೆ ಹಾಗೆ. ಕೆಳಗೆ ನೀರು ನೀರು. ಕೈ ಹಾಗೇ ಇಟ್ಟರೆ ಹೊಟ್ಟೆ ಒಂದು ಸಲ ಬಿಗಿದು, ಇಡೀ ಮೇವನ್ನು ತಿರುವಿ, ನಿಮ್ಮ ಕೈಯನ್ನೂ ಜೊತೆಗೆ ತಳ್ಳುತ್ತದೆ. ಹಸು ಅಷ್ಟರಲ್ಲಿ ಎದುರಿನ ಹುಲ್ಲು ತಿನ್ನುತ್ತಲೇ ಇರುತ್ತದೆ.

ಏನು ಉಪಯೋಗ ಅಂದರೆ, ಮೇವು ಹೊಟ್ಟೆಯಲ್ಲಿ ಹೇಗೆ ಕರಗುತ್ತದೆ ಅಂತ ನೇರ ನೋಡಬಹುದು. ಇನ್ನೊಂದು ಇದೆ. ಬೇರೆ ಹಸುವಿಗೆ ಹೊಟ್ಟೆ ಕೆಟ್ಟು ಮೇವು ಬಿಟ್ಟರೆ, ಈ ಹಸುವಿನ ಹೊಟ್ಟೆಯ ರಸ ತೆಗೆದು ಅದಕ್ಕೆ ಕುಡಿಸುತ್ತಾರೆ. ಒಳಗಿನ ಒಳ್ಳೆ ಸೂಕ್ಷ್ಮಜೀವಿಗಳು ಮತ್ತೆ ಕೂಡಿಕೊಳ್ಳುತ್ತವೆ, ಮೆಲುಕು ಶುರುವಾಗುತ್ತದೆ. ಸರಿಯೇ ಅಂತ ಕೇಳಿದಿರಿ. ಕಲಿಯಲು, ಇನ್ನೊಂದು ಹಸು ಉಳಿಸಲು ಆದರೆ ಸರಿ ಅನ್ನುತ್ತೇನೆ. ಜಾತ್ರೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೈ ಹಾಕಿಸುವುದು ನನಗೆ ಅಷ್ಟೊಂದು ಹಿಡಿಸಲಿಲ್ಲ. ಇದನ್ನು ಹೇಳಿದಾಗ ನನ್ನ ಜೊತೆಯವರಲ್ಲಿ ಅರ್ಧ ಜನ ಒಪ್ಪಲಿಲ್ಲ. ಹಾಗೆ ಕೈ ಹಾಕಿದ ಮಕ್ಕಳೇ ಮುಂದೆ ಪಶುವೈದ್ಯರಾಗುವುದು ಅಂತ ಅವರ ವಾದ.

ಸಿಟಿಯ ಹತ್ತಿರ ಅಂತೀರಿ. ಸ್ಯಾಕ್ರಮೆಂಟೊಗೆ ಆಗಾಗ ಹೋಗ್ತೀರಾ?
(ಓದುಗಳು, ಧಾರವಾಡ)

ಹತ್ತಿರ ಹೌದು, ಸುಮಾರು 25 ಕಿಲೋಮೀಟರ್. ರೈಲಿನಲ್ಲಿ ಕಾಲು ಗಂಟೆ ಚಿಲ್ಲರೆ. ಆದರೂ ನಾವು ಹೋಗುವುದು ಕಮ್ಮಿ. ದಾರಿಯೇ ಸಿಟಿಗಿಂತ ಚೆಂದ. ನಡುವೆ ಯೋಲೊ ಬೈಪಾಸ್ ಅಂತ ತಗ್ಗಿನ ಬಯಲು. ನದಿ ಉಕ್ಕಿದರೆ ಸ್ಯಾಕ್ರಮೆಂಟೊ ಮುಳುಗದಿರಲಿ ಅಂತ ನೀರನ್ನು ಆ ಕಡೆ ಬಿಡುತ್ತಾರೆ. ಮಳೆ ಜಾಸ್ತಿಯಾದ ವರ್ಷ ರೈಲಿನ ಎರಡೂ ಬದಿ ಕೆರೆ. ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಭತ್ತದ ಗದ್ದೆ. ನಾನು ಮೊದಲ ಸಲ ಕಿಟಕಿಗೆ ಮೂಗು ಹಚ್ಚಿ ಕೂತಿದ್ದೆ. ಅಮೆರಿಕದಲ್ಲಿ ಭತ್ತ ಬೆಳೆಯುತ್ತಾರೆ ಅಂತ ಯಾರು ಹೇಳಿದ್ದರು! ಹೆದ್ದಾರಿ ಸೇತುವೆಯ ಕೆಳಗೆ ಎರಡೂವರೆ ಲಕ್ಷದಷ್ಟು ಬಾವಲಿಗಳಿವೆ. ಬೇಸಿಗೆಯ ಸಂಜೆ ಹೊಗೆ ಎದ್ದ ಹಾಗೆ ಹೊರಡುತ್ತವೆ. ಗದ್ದೆಯ ಹುಳಗಳೇ ಅವಕ್ಕೆ ಊಟ.

ಸಿಟಿಯಲ್ಲಿ ಏನಿದೆ ಅಂತ ಬರೆಯಬೇಕು. ರಾಜ್ಯದ ವಿಧಾನಸಭೆ ಇದೆ, ಮ್ಯೂಸಿಯಂ ಇದೆ, ಇಂಡಿಯನ್ ಅಂಗಡಿ ಇದೆ. ಕರಿಬೇವು ಅಲ್ಲಿಂದ ತರುತ್ತೇನೆ.

ಓದಿನ ಒತ್ತಡ ಹೇಗೆ? ಅಂಕ ಇಳಿಯುತ್ತದೆ ಅಂತಾರೆ.
(ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ)

ಇಳಿಯುತ್ತದೆ. ಇಲ್ಲಿ ಒಂದು ಟರ್ಮ್ ಅಂದರೆ ಹತ್ತು ವಾರ ಪಾಠ, ಹನ್ನೊಂದನೇ ವಾರ ಪರೀಕ್ಷೆ. ಮೂರು ನಾಲ್ಕನೇ ವಾರಕ್ಕೇ ಮೊದಲ ಮಿಡ್‌ಟರ್ಮ್, ಅಂದರೆ ನಡುವಿನ ಪರೀಕ್ಷೆ. ಡಿ ಆನ್ಜಾದಲ್ಲೂ ಇದೇ ಪದ್ಧತಿ ಇದ್ದಿದ್ದರಿಂದ ನನಗೆ ವೇಗ ಹೊಸದಲ್ಲ. ಹೊಸದು ಅಂದರೆ ಕ್ಲಾಸಿನ ಗಾತ್ರ. ಅಲ್ಲಿ ಮೇಷ್ಟ್ರಿಗೆ ನನ್ನ ಹೆಸರು ಗೊತ್ತಿತ್ತು. ಇಲ್ಲಿ ಜೀವರಸಾಯನ ಕ್ಲಾಸಿನಲ್ಲಿ ನೂರಾರು ಜನ. ಪ್ರೊಫೆಸರ್ ದೂರದಲ್ಲಿ ಬೆರಳುದ್ದ ಕಾಣುತ್ತಾರೆ. ಹಳೇ ಕಾಲೇಜಿನ ಯೂನಿಟ್ ಮಾತ್ರ ಬರುತ್ತವೆ, ಅಂಕದ ಸರಾಸರಿ ಬರುವುದಿಲ್ಲ. ಇಲ್ಲಿ ಸೊನ್ನೆಯಿಂದ ಶುರು. ಮೊದಲ ಟರ್ಮಿನಲ್ಲಿ ಮೂರು ವಿಜ್ಞಾನ ಒಟ್ಟಿಗೆ ತೆಗೆದುಕೊಳ್ಳಬೇಡಿ. ಪ್ರೊಫೆಸರ್ ಕೋಣೆಯಲ್ಲಿ ಕೂರುವ ಹೊತ್ತು ಇರುತ್ತದೆ, ಸುಮ್ನೆ ಆದರೂ ಹೋಗಿ ಕೂರಿ. ಬಹಳ ಸಲ ಅಲ್ಲಿ ಯಾರೂ ಇರುವುದಿಲ್ಲ.

ಲೈಬ್ರರಿಯ ಎದುರು ಪುಸ್ತಕಕ್ಕೆ ಮುಖ ಆನಿಸಿದ ಮೊಟ್ಟೆ ಆಕಾರದ ಬಿಳಿ ತಲೆಯೊಂದಿದೆ, ಇಲ್ಲೇ ಮೇಷ್ಟ್ರಾಗಿದ್ದ ಶಿಲ್ಪಿ ರಾಬರ್ಟ್ ಆರ್ನೆಸನ್ ಮಾಡಿದ್ದು. ಪರೀಕ್ಷೆಗೆ ಮುಂಚೆ ಅದನ್ನು ಮುಟ್ಟಿ ಹೋದರೆ ಒಳ್ಳೇದಾಗುತ್ತದೆ ಅಂತ ನಂಬಿಕೆ. ನಾನೂ ಮುಟ್ಟುತ್ತೇನೆ. ಗಣೇಶ ಬೇಜಾರು ಮಾಡಿಕೊಳ್ಳಲ್ಲ ಬಿಡಿ.

ಸೈಕಲ್ ಇಲ್ಲದೆ ಆಗಲ್ವಾ? ನನಗೆ ಸೈಕಲ್ ಅಷ್ಟಾಗಿ ಬರಲ್ಲ.
(ಅದೇ ಸ್ಯಾನ್ ಹೋಸೆಯ ಓದುಗ)

ಬಸ್ಸಿದೆ, ಪದವಿ ವಿದ್ಯಾರ್ಥಿಗಳು ಐಡಿ ತೋರಿಸಿದರೆ ಸಾಕು, ದುಡ್ಡು ಫೀಸಿನಲ್ಲೇ ಹೋಗಿರುತ್ತದೆ. ಆದರೂ ಕಲಿತು ಬಾ. ಅಮೆರಿಕದಲ್ಲಿ ಸೈಕಲ್‌ಗೆ ಅಂತ ರಸ್ತೆಯಲ್ಲಿ ಗೆರೆ ಎಳೆದ ಮೊದಲ ಊರು ಇದು, 1967ರಲ್ಲಿ. ನೆಲ ಚಪ್ಪಟೆ, ಏರು ಅನ್ನುವುದೇ ಇಲ್ಲ. ಕ್ಯಾಂಪಸ್ ಒಳಗೆ ಸೈಕಲ್‌ಗಳಿಗೇ ಸರ್ಕಲ್‌ಗಳಿವೆ. ಕ್ಲಾಸ್ ಬಿಟ್ಟ ಹತ್ತು ನಿಮಿಷ ಅಲ್ಲಿ ಕೆ.ಆರ್. ಮಾರುಕಟ್ಟೆ. ಒಳಗೆ ಇರುವವರಿಗೆ ಮೊದಲ ದಾರಿ, ಬಲಕ್ಕೆ ತಿರುಗಿ ಒಳಗೆ ಸೇರಿ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಸುತ್ತಬೇಕು, ನಡುವೆ ನಿಲ್ಲಬಾರದು. ಸೆಪ್ಟೆಂಬರ್ ಕೊನೆಯಲ್ಲಿ ಹಳಬರು ಪಕ್ಕದ ಹುಲ್ಲಿನ ಮೇಲೆ ಕೂತು ಹೊಸಬರು ಬೀಳುವುದನ್ನು ನೋಡುತ್ತಾರೆ. ಬಿದ್ದರೆ ಚಪ್ಪಾಳೆ. ಅದೇ ಹೊತ್ತಿಗೆ ಟೊಮೆಟೊ ಲಾರಿಗಳು ಓಡಾಡುತ್ತವೆ, ತಿರುವಿನಲ್ಲಿ ಹಣ್ಣು ಉದುರಿರುತ್ತವೆ, ಜೋಪಾನ. ಯಂತ್ರದಲ್ಲಿ ಕೊಯ್ದರೂ ಒಡೆಯದ ಟೊಮೆಟೊ ತಳಿ ಮಾಡಿದ್ದೂ ಇದೇ ಕ್ಯಾಂಪಸ್‌ನವರು, ಜ್ಯಾಕ್ ಹ್ಯಾನಾ ಅಂತ. ಆದರೆ ಲಾರಿಯಿಂದ ಬಿದ್ದರೆ ಅದೂ ಒಡೆಯುತ್ತದೆ.

ಹೊಸ ಸೈಕಲ್ ಬೇಡ, ಕಳ್ಳರ ಕಣ್ಣು ಅದರ ಮೇಲೇ. ವಿದ್ಯಾರ್ಥಿಗಳು ಬಿಟ್ಟುಹೋದ ಸೈಕಲ್‌ಗಳನ್ನು ಕ್ಯಾಂಪಸ್‌ನವರೇ ಹರಾಜು ಹಾಕುತ್ತಾರೆ, ಅಲ್ಲಿ ನೋಡು. ರಿಪೇರಿಗೆ ಬೈಕ್ ಬಾರ್ನ್ ಇದೆ, ಹಿಂದೆ ಹಸುವಿನ ಕೊಟ್ಟಿಗೆ ಆಗಿದ್ದ ಕಟ್ಟಡ, ನಡೆಸುವವರು ವಿದ್ಯಾರ್ಥಿಗಳು. ದಪ್ಪ ಯು ಆಕಾರದ ಬೀಗ ತಗೋ, ಚಕ್ರಕ್ಕೂ ಚೌಕಟ್ಟಿಗೂ ಸೇರಿಸಿ ಹಾಕು. ರಾತ್ರಿ ಮುಂದಿನ ದೀಪ ಇಲ್ಲದಿದ್ದರೆ ಪೊಲೀಸರು ದಂಡ ಹಾಕುತ್ತಾರೆ. ಸೀಟು ಬಿಚ್ಚಿಕೊಂಡು ಹೋಗದ ಹಾಗೆ ಬೋಲ್ಟ್ ಹಾಕಿಸಿಕೋ.